ಸಕ್ಕರಿ ಎಷ್ಟು?

"ಬಂದವರಿಗೆ ಚಾ ಕೊಡ್ರಿ. ಸಕ್ಕರಿ ಎಷ್ಟಂತ ಒಬ್ಬೊಬ್ಬರನ್ನೂ ಕೇಳ್ರಿ." ಯಮನಪ್ಪನ ಹೆಂಡತಿ ಗೌರವ್ವ ಸಾಯುವ ಮುನ್ನ ಹಾಸಿಗೆಯಲ್ಲಿ ಮಲಗಿ ಆಡಿದ ಕಡೆಯ ಮಾತು ಇದು.

ಯಮನಪ್ಪ ಬೀದಿ ಗುಡಿಸುವವರ ಮೇಸ್ತ್ರಿ. ದುಃಖ ನುಂಗಿ ಮತ್ತೆ ಕೆಲಸಕ್ಕೆ ಬಂದಾಗ ಹೊಸ ಇನ್‌ಸ್ಪೆಕ್ಟರ್ ಸಾಹೇಬರು ಕಾದು ನಿಂತಿದ್ದರು.

"ನೀ ಆ ನಾಗವ್ವಗ ಅಕ್ಕಾ ಅಂತೀ, ಭೀಮಪ್ಪಗ ಬೈತೀ. ಇದೆಂಥಾ ಶಿಸ್ತೋ? ಇವತ್ತಿನಿಂದ ಎಲ್ಲಾರ್ಗೂ ಒಂದ ಬೈಗುಳ. ಇಲ್ಲಂದ್ರ ಮೇಸ್ತ್ರಿಕಿ ಬಿಡು."

ಗುಡಿಸುತ್ತಿದ್ದ ನಾಗವ್ವ ಕಸಬರಿಗೆಯನ್ನು ಗೋಡೆಗೆ ಆನಿಸಿ ಇಟ್ಟಳು. ಬೈದರೆ ಆಕೆ ಕೆಲಸ ಬಿಟ್ಟೇ ಹೋಗುವಾಕೆ. ಆಕೆಯ ಮನೆಯಲ್ಲಿ ದುಡಿಯುವವರು ಬೇರೆ ಯಾರೂ ಇಲ್ಲ. ಯಮನಪ್ಪನಿಗೆ ಅದು ಗೊತ್ತಿತ್ತು.

"ಆಗ್ಲಿರೀ ಸಾಹೇಬ್ರ. ಮೊದಲ ಚಾ ಕುಡೀರಿ," ಎಂದ. ಮೂಲೆಯ ಅಂಗಡಿಯಿಂದ ಚಾ ತಂದು, ಎಲ್ಲರ ಲೋಟಕ್ಕೂ ಮೂರು ಮೂರು ಚಮಚ ಸಕ್ಕರೆ ಸುರಿದ.

ಸಾಹೇಬರು ಒಂದು ಗುಟುಕು ಬಾಯಿಗೆ ಬಿಟ್ಟುಕೊಂಡವರೇ ಉಗುಳಿದರು. "ಏ ಮೇಸ್ತ್ರಿ, ನನಗ ಶುಗರ್ ಐತಿ! ಕೇಳಿ ಹಾಕಾಕ ಏನಾಗಿತ್ತು?"

"ಕೇಳಿದ್ರ ಒಬ್ಬೊಬ್ಬರದೂ ಒಂದೊಂದು ಆಗತೈತ್ರೀ. ನೀವು ಎಲ್ಲಾರ್ಗೂ ಒಂದ ಅಂದ್ರಿ."

ಸಾಹೇಬರು ಲೋಟ ನೋಡಿದರು. ನಾಗವ್ವನ ಮುಖ ನೋಡಿದರು. ಮೀಸೆಯಡಿ ಬಂದ ನಗು ತಡೆಯಲಾಗಲಿಲ್ಲ. "ಆತಪಾ, ಆಕಿಗೆ ಅಕ್ಕಾ ಅನ್ನು. ಮತ್ತ ಈ ಭೀಮಪ್ಪಗ?"

ಭೀಮಪ್ಪ ಆಕಳಿಸಿದ. "ನನಗ ಬೈಲಿ ಬಿಡ್ರೀ ಸಾಹೇಬ್ರ. ಬೈದ್ರನ ನನ್ನ ನಿದ್ದಿ ಹಾರೂದು."

ಮರುದಿನ ಮುಂಜಾನೆ ಯಮನಪ್ಪ ಮನೆಯಲ್ಲಿ ಎರಡು ಲೋಟ ಚಾ ಮಾಡಿದ. ಗೌರವ್ವನ ಲೋಟಕ್ಕೆ ಒಂದೂವರೆ ಚಮಚ ಸಕ್ಕರೆ ಹಾಕಿದ. ಆಕೆಯನ್ನು ಕೇಳುವುದು ಬೇಕಾಗಿರಲಿಲ್ಲ.