ಬೈಕಿನ ಮೂಗು ಮುಚ್ಚಿದ ಭಕ್ತಿ

ಸುತ್ತ ಹತ್ತು ಹಳ್ಳಿಯಲ್ಲಿ ನನ್ನಂಥ ಮೆಕ್ಯಾನಿಕ್ ಇಲ್ಲ. ಇದು ಜಂಬವಲ್ಲ, ಸಮಾಚಾರ.

ಒಂದು ದಿನ ಕಂದಾಯ ನಿರೀಕ್ಷಕ ಪಂಚಾಕ್ಷರಯ್ಯನವರು ಬೈಕು ತಳ್ಳಿಕೊಂಡು ನನ್ನ ಶೆಡ್ಡಿಗೆ ಬಂದರು.

"ನಾಲ್ಕು ಕಿಲೋಮೀಟರಿಗೊಮ್ಮೆ ನಿಲ್ಲುತ್ತೆ ಕಣಯ್ಯಾ. ಮೂರು ಜನ ಬಿಚ್ಚಿ ಕೆಡಿಸಿದ್ರು. ನೀನು ಒಂದು ನಟ್ಟೂ ಬಿಚ್ಚದೆ ಸರಿಮಾಡು. ಆಗ್ಲಿಲ್ವೋ, ಸರ್ಕಾರಿ ಜಾಗದಲ್ಲಿರೋ ಈ ಶೆಡ್ಡು ನಾಳೆ ಇರಲ್ಲ!"

ನಾನು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದೆ. ಬುಸ್ ಎಂದು ಗಾಳಿ ಒಳಗೆ ನುಗ್ಗಿತು. ಮುಚ್ಚಳದ ಮೇಲೆ ಗಂಧ ದಪ್ಪಗೆ ಒಣಗಿ ಕೂತಿತ್ತು.

"ಪೂಜೆ ಜೋರಾ ಸಾಹೇಬ್ರೆ?"

"ಪ್ರತಿ ಶುಕ್ರವಾರ!"

"ಹಾಗಾದ್ರೆ ಮೂಗು, ಬಾಯಿ ಎರಡೂ ಮುಚ್ಕೊಂಡು ಶೆಡ್ಡು ಕೀಳೋ ಆರ್ಡರ್ ಕೊಡಿ ನೋಡೋಣ."

ಸಾಹೇಬರು ಹಟಕ್ಕೆ ಮುಚ್ಚಿಕೊಂಡರು. ಮುಖ ಕೆಂಪಾಗಿ ಕೆಮ್ಮಿಬಿಟ್ಟರು.

"ಬೈಕಿಗೂ ಇದೇ ಕಷ್ಟ. ಮುಚ್ಚಳದಲ್ಲಿ ಗಾಳಿಯಾಡೋ ತೂತನ್ನ ನಿಮ್ಮ ಗಂಧ ಮುಚ್ಚಿದೆ. ಗಾಳಿ ಹೋಗ್ದೆ ಪೆಟ್ರೋಲ್ ಇಳಿಯಲ್ಲ" ಎಂದು ಗುಂಡುಪಿನ್ನಿನಿಂದ ಚುಚ್ಚಿ ತೂತು ಬಿಡಿಸಿದೆ.

ಅವರು ಇಪ್ಪತ್ತು ಕಿಲೋಮೀಟರು ಸುತ್ತಿ ಬಂದು ಮೀಸೆ ತಿರುವಿದರು. "ನಂಗೆ ಮೊದಲೇ ಗೊತ್ತಿತ್ತು. ನಿನ್ನ ಪರೀಕ್ಷೆ ಮಾಡ್ದೆ."

"ಪಾಸಾದೆನಾ?"

"ಫಸ್ಟ್ ಕ್ಲಾಸ್!"

ನಾನು ಬಿಳಿ ಹಾಳೆ ಚಾಚಿದೆ. "ಹಾಗಾದ್ರೆ ಶೆಡ್ಡು ಇಲ್ಲೇ ಇರಲಿ ಅಂತ ಸರ್ಟಿಫಿಕೇಟು ಬರ್ಕೊಡಿ."

ಬರೆದರು. ಕಟ್ಟು ಹಾಕಿಸಿ ತೂಗುಹಾಕಿದ್ದೇನೆ, ಬಂದು ನೋಡಿ.