ಅಂಕಿಯ ಜಾಗಕ್ಕೆ ಅಂಕಿ

ಹೂಂಗುಡುವವರಿದ್ದರೆ ಹೇಳುತ್ತೇನೆ, ತೂಕಡಿಸುವವರು ಈಗಲೇ ಎದ್ದು ಹೋಗಿ.

ಗದಗಿನಲ್ಲಿ ನೀಲವ್ವ ಅಂತ ಒಬ್ಬಳಿದ್ದಳು. ಆಕೆಗೆ ಒಂದು ಖಾನಾವಳಿ, ಒಬ್ಬನೇ ಮಗ. ಹೆಸರು ಗದಿಗೆಪ್ಪ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ತಾಯಿ ಅವನನ್ನು ಹೆಸರು ಹಿಡಿದು ಕರೆದವಳೇ ಅಲ್ಲ. ಎದ್ದರೂ ದಡ್ಡ, ಕೂತರೂ ದಡ್ಡ.

ಎದುರಿಗೆ ದೊಡ್ಡ ಹೋಟೆಲಾಯ್ತು, ಗಿರಾಕಿಗಳು ಅತ್ತ ಸರಿದರು. ಹಾಸ್ಟೆಲ್ ಹುಡುಗಿಯರ ಊಟದ ಗುತ್ತಿಗೆ ಸಿಕ್ಕರೆ ಒಲೆ ಉರಿಯುತ್ತದೆ, ಇಲ್ಲದಿದ್ದರೆ ಬಾಗಿಲು ಹಾಕಬೇಕು. ಹಾಸ್ಟೆಲಿನವರ ಷರತ್ತು ಒಂದೇ: ಇವತ್ತು ಯಾವ ಪಲ್ಯ, ರೊಟ್ಟಿ ಎಷ್ಟು ಉಳಿದಿವೆ, ಫೋನಿನಲ್ಲಿ ಕಾಣಬೇಕು. ಗದಿಗೆಪ್ಪ ಆ್ಯಪ್ ಮಾಡುವುದನ್ನು ಕಲಿತಿದ್ದ. ಲೆಕ್ಕವೆಲ್ಲ ಅಡುಗೆಮನೆಯ ಕಂಪ್ಯೂಟರಿನಲ್ಲಿ, ಅದೇ ಸರ್ವರ್. ಆ್ಯಪ್ ಅದನ್ನು ಕೇಳಿ ತೋರಿಸಬೇಕು.

"ದಡ್ಡಾ, ಕೇಳಿ ಕೇಳಿ ತೋರಸಪಾ," ಅಂದಳು ನೀಲವ್ವ.

ಕೇಳಿ ಕೇಳಿ ಅಂದಳಲ್ಲ! ಆ್ಯಪ್ ಕಣ್ಣು ಮಿಟುಕಿಸುವುದರೊಳಗೆ ಕೇಳಿತು, ಮತ್ತೆ ಕೇಳಿತು, ಮತ್ತೆ ಮತ್ತೆ ಕೇಳಿತು. ಕಂಪ್ಯೂಟರ್ ಉಸಿರುಗಟ್ಟಿ ಕೂತಿತು.

"ಅವ್ವಾ, ಸರ್ವರ್ ಬಿತ್ತು!"

"ಯಾವ ಸರ್ವರೋ? ಇಲ್ಲಿ ಬಡಸಾಕಿ ನಾನೊಬ್ಬಾಕಿ, ನಿಂತ ಅದೀನಿ!"

ಸಂಗತಿ ತಿಳಿದ ಮೇಲೆ ಹಣೆ ಹಣೆ ಬಡಿದುಕೊಂಡಳು. "ಎಷ್ಟ ಸಲ ಕೇಳ್ತಿಯೋ ದಡ್ಡಾ! ಒಮ್ಮೆ ಕೇಳಿದ್ದನ್ನ ನೆನಪಿಟ್ಕೋ!"

"ಹೂಂ ಅವ್ವಾ."

ನೆನಪಿಟ್ಟುಕೊಂಡ. ಸೋಮವಾರ ಎಣ್ಣೆಗಾಯಿ ಅಂದ ಆ್ಯಪ್ ಮಂಗಳವಾರವೂ ಎಣ್ಣೆಗಾಯಿ ಅಂದಿತು, ಗುರುವಾರವೂ ಎಣ್ಣೆಗಾಯಿ ಅಂದಿತು. ಅದನ್ನು ನೋಡಿ ಬಾಯಲ್ಲಿ ನೀರೂರಿಸಿಕೊಂಡು ಬಂದ ಗಿರಾಕಿಗಳಿಗೆ ಸಿಕ್ಕಿದ್ದು ಮಡಿಕೆಕಾಳು! ಜಗಳವೋ ಜಗಳ.

"ತಂಗಳ ಸುದ್ದಿ ಯಾರಿಗೆ ಬೇಕೋ ದಡ್ಡಾ! ಹಳೇದನ್ನ ತಗದ ಒಗಿ, ಹೊಸಾದ ತಗೊಂಬಾ!"

"ಹೂಂ ಅವ್ವಾ."

ಮೊದಲು ಒಗೆದ, ಆಮೇಲೆ ತರಲು ಹೋದ. ಅಷ್ಟರಲ್ಲಿ ಫೋನು ಖಾಲಿ. ಪಲ್ಯವಿಲ್ಲ, ರೊಟ್ಟಿಯಿಲ್ಲ. ಖಾನಾವಳಿ ಮುಚ್ಚಿತು ಅಂದುಕೊಂಡು ಜನ ಎದುರಿನ ಹೋಟೆಲಿಗೆ ನುಗ್ಗಿದರು.

"ಹೊಸಾದು ಕೈಗೆ ಬರೂತನಕ ಹಳೇದನ್ನ ಹಿಡ್ಕೊಂಡಿರೋ ದಡ್ಡಾ! 'ತಡೀರಿ, ತರಾಕತ್ತೀನಿ' ಅಂತ ಒಂದ ಮಾತ ಹೇಳು!"

"ಹೂಂ ಅವ್ವಾ."

ಹಿಡಿದುಕೊಂಡ, ಏನು ಕೊಟ್ಟರೂ ಹಿಡಿದುಕೊಂಡ. ರೊಟ್ಟಿ ಬಡಿಯುವ ಕಲ್ಲವ್ವ, ಕಂಪ್ಯೂಟರಿನಲ್ಲಿ ರೊಟ್ಟಿ ಎಷ್ಟು ಅನ್ನುವ ಜಾಗದಲ್ಲಿ 'ಭಾಳ ಅದಾವ' ಅಂತ ಒತ್ತಿಬಿಟ್ಟಳು. ಭಾಳದಲ್ಲಿ ಐದು ಕಳೆದರೆ ಎಷ್ಟು? ಭಾಳ! ಹತ್ತು ಕಳೆದರೆ? ಭಾಳ! ಬುಟ್ಟಿ ಬರಿದಾದರೂ ಫೋನಿನಲ್ಲಿ ಭಾಳ ಅದಾವ!

"ಅಂಕಿ ಜಾಗಕ್ಕ ಅಂಕೀನ ಬರಬೇಕೋ ದಡ್ಡಾ! ಬ್ಯಾರೆ ನಮೂನಿ ಬಂದ್ರ ಬಾಗಲದಾಗ ತಡಿ! ಅರಸ ಬಂದ್ರೂ ಒಳಗ ಬಿಡಬ್ಯಾಡ!"

"ಹೂಂ ಅವ್ವಾ."

ಬೈಗುಳ ತಿಂದು ತಿಂದು ಆ್ಯಪ್‌ಗೆ ಬುದ್ಧಿ ಬಂತು ನೋಡಿ. ಬೇಕಾದಾಗಷ್ಟೇ ಕೇಳಿತು, ಕೇಳಿದ್ದನ್ನು ನೆನಪಿಟ್ಟಿತು, ಹಳಸುವ ಮೊದಲೇ ಹೊಸದನ್ನು ತಂದಿತು, ಅಂಕಿಯ ಜಾಗಕ್ಕೆ ಅಂಕಿಯನ್ನೇ ಬಿಟ್ಟುಕೊಂಡಿತು. ಗದಿಗೆಪ್ಪ ಮಾತ್ರ ಗದಿಗೆಪ್ಪನೇ.

ಹಾಸ್ಟೆಲಿನಿಂದ ಫೋನು ಬಂತು. ನೀಲವ್ವ ಸಡಗರದಿಂದ ಹೋಳಿಗೆಗೆ ಕೈ ಹಚ್ಚಿದಳು. "ದಡ್ಡಾ, ವಾರ್ಡನ್ ಸಾಹೇಬ್ರು ಬರ್ತಾರಂತ. ಬಾಗಲದಾಗ ನಿಂತು ಒಳಗ ಕರಕೊಂಬಾ."

ಬಂದವಳು ಗಿರಿಜಕ್ಕ. ಗದಿಗೆಪ್ಪ ಎರಡೂ ಕೈ ಅಡ್ಡ ಚಾಚಿದ.

"ಯಾರ್ರಿ ನೀವು?"

"ಹಾಸ್ಟೆಲ್ ವಾರ್ಡನ್ನಪಾ."

"ಸಾಹೇಬ್ರ ಜಾಗಕ್ಕ ಸಾಹೇಬ್ರ ಬರಬೇಕ್ರಿ. ನೀವು ಅಕ್ಕಾರು. ನಮೂನಿ ಬ್ಯಾರೆ ಆತು. ತಡೀರಿ!"

ನೀಲವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಹೋಯ್ತು, ಗುತ್ತಿಗೆ ಹೋಯ್ತು! "ದಡ್ಡ ಅದಾನ್ರಿ ಅಕ್ಕಾರ, ಹೊಟ್ಟ್ಯಾಗ ಹಾಕ್ಕೋರಿ!"

ಗಿರಿಜಕ್ಕ ಬಿದ್ದು ಬಿದ್ದು ನಕ್ಕಳು. "ಹಿಂದಿನ ಗುತ್ತಿಗೆದಾರ ಫೋನಿನ್ಯಾಗ ರೊಟ್ಟಿ ತೋರಿಸಿ ಉಪ್ಪಿಟ್ಟ ಕಳಸ್ತಿದ್ದ, ನೀಲವ್ವಾ. ನಮ್ಮ ಹುಡುಗ್ಯಾರು ಅರ್ಧ ಹೊಟ್ಟ್ಯಾಗ ಮಲಗ್ಯಾರ. ವಾರ್ಡನ್ನನ್ನೇ ಒಳಗ ಬಿಡದಾಂವ ರೊಟ್ಟಿ ಜಾಗಕ್ಕ ಉಪ್ಪಿಟ್ಟ ಬಿಟ್ಟಾನೇನ? ನಾಳಿಂದ ಊಟ ನಿಮ್ಮದ!"

ನೀಲವ್ವನ ಕಣ್ಣು ತುಂಬಿ ಬಂತು. ಮಗ ಹುಟ್ಟಿದಂದಿನಿಂದ ಆಡದ ಮಾತು ಬಾಯಿಗೆ ಬಂತು. "ಬಾರೋ ನನ್ನ ಜಾಣಾ, ನನ್ನ ಶಾಣ್ಯಾ! ಒಳಗ ಬಾ, ಹೋಳಿಗಿ ಹಾಕ್ತೀನಿ!"

ಗದಿಗೆಪ್ಪ ಹೊಸ್ತಿಲಾಚೆಯೇ ನಿಂತ.

"ಯಾಕೋ, ಬಾರೋ!"

"ಹ್ಯಾಂಗ ಬರ್ಲಿ ಅವ್ವಾ? ಈ ಮನ್ಯಾಗ ಇರೂದು ದಡ್ಡನ ಜಾಗ. ನೀ ಕರದದ್ದು ಶಾಣ್ಯಾನ್ನ. ನಮೂನಿ ಬ್ಯಾರೆ!"

ಗಿರಿಜಕ್ಕ ಕರೆದಳು, ಕಲ್ಲವ್ವ ಕರೆದಳು, ಊಹೂಂ. ಹೋಳಿಗೆ ಆರತೊಡಗಿತು. ನೀಲವ್ವ ಅಳುತ್ತ ನಗುತ್ತ ಕೂಗಿದಳು:

"ಬಾರೋ ದಡ್ಡಾ!"

"ಬಂದೆ ಅವ್ವಾ!"

ಬಂದ, ಕೂತ, ಉಂಡ. ಹೋಳಿಗೆ ಅವನ ಪಾಲಿಗೆ, ಕತೆ ನಿಮ್ಮ ಪಾಲಿಗೆ.