ಗುಡ್ಡೆಗೊಂದು ಸೌತೆಕಾಯಿ

ಅಂದು ಮಾಘ ಶುದ್ಧ ಪಂಚಮಿ. ಬೆಳಿಗ್ಗೆ ಇಬ್ಬನಿ ಬಿದ್ದಿತ್ತು. ಹೊತ್ತೇರಿದಂತೆ ಒಣ ಬಿಸಿಲು. ಹಳ್ಳದ ಪಕ್ಕದ ಒಂದು ಕಾಡಿನಲ್ಲಿ ಹೊನ್ನಕ್ಕ ಎಂಬ ಮೊಲ ತನ್ನ ಸೌತೆ ಮಡಿಯ ಮುಂದೆ ಕೂತು, ಕಿತ್ತು ಹಾಕಿದ ಕಳೆಯ ಗುಡ್ಡೆಗಳನ್ನೇ ದಿಟ್ಟಿಸುತ್ತಿದ್ದಳು. ನಿನ್ನೆಗಿಂತ ಇವತ್ತು ಗುಡ್ಡೆ ಹೆಚ್ಚಾಗಿದ್ದವು.

ಬೇಸಿಗೆಯಲ್ಲಿ ಹುಲ್ಲು ಒಣಗಿದರೆ ಅವಳ ಮರಿಗಳಿಗೆ ಈ ಸೌತೆಯೇ ಗತಿ. ಅದಕ್ಕೇ ಕಳೆ ಕೀಳಲು ನರಿ ಕೆಂಚಣ್ಣನನ್ನು ಕರೆದಿದ್ದಳು. ಕಿತ್ತ ಗುಡ್ಡೆಗೊಂದು ಸೌತೆಕಾಯಿ ಕೂಲಿ ಎಂದು ಮಾತಾಗಿತ್ತು.

"ಕೆಂಚಣ್ಣ, ಕಿತ್ತಷ್ಟೂ ಕಳೆ ಕಡಿಮೆಯಾಗಬೇಕಲ್ಲ? ಇದೇನು ದಿನದಿನಕ್ಕೂ ಏರುತ್ತಿದೆ?"

"ನೀನು ಹಾಕಿದ ಗೊಬ್ಬರ ಹಾಗಿದೆ, ಹೊನ್ನಕ್ಕ! ಕಲ್ಲಿಗೆ ಹಾಕಿದರೆ ಕಲ್ಲೂ ಚಿಗುರೀತು" ಎಂದು ನರಿ ನಕ್ಕಿತು.

"ಹಾಗಾದರೆ ನನ್ನ ಬಳ್ಳಿ ಯಾಕೆ ಸೊರಗಿದೆ?"

"ಅದನ್ನು ಬಳ್ಳಿಯನ್ನೇ ಕೇಳು. ನನ್ನ ಇವತ್ತಿನ ಕೂಲಿ ಕೊಡು."

ಹೊನ್ನಕ್ಕ ಕೊಟ್ಟಳು. ನರಿ ಕಾಯಿಗಳನ್ನು ಕಚ್ಚಿಕೊಂಡು ಹೋಯಿತು.

"ಅವ್ವಾ, ದೊಡ್ಡ ಕಾಯಿಗಳೆಲ್ಲ ನರಿಮಾವನಿಗೇ ಹೋದವು. ನಮಗೆ?" ಎಂದವು ಮರಿಗಳು.

ಹೊನ್ನಕ್ಕ ಬಗ್ಗಿ ನೆಲ ನೋಡಿದಳು. ನರಿ ನಿಂತಿದ್ದ ಜಾಗದಲ್ಲಿ ಉತ್ತರಾಣಿಯ ಬೀಜ ಚೆಲ್ಲಿದ್ದವು. ಮೈಗೆ ಅಂಟಿಕೊಳ್ಳುವ ಆ ಮುಳ್ಳುಬೀಜದ ಗಿಡ ಅವಳ ಮಡಿಯಲ್ಲಿ ಎಂದೂ ಬೆಳೆದದ್ದಲ್ಲ. ಬೇಲಿಯ ಆಚೆ ಬೆಳೆಯುವಂಥದ್ದು.

ಮಾರನೆಯ ಬೆಳಿಗ್ಗೆ ಅವಳು ಪೊದೆಯಲ್ಲಿ ಅಡಗಿ ಕೂತಳು. ನರಿ ಬಂತು. ನೇರ ಮಡಿಗೆ ಬರಲಿಲ್ಲ. ಬೇಲಿಯ ಆಚೆ ಉತ್ತರಾಣಿಯಲ್ಲಿ ಚೆನ್ನಾಗಿ ಹೊರಳಿ, ಬಾಲದ ತುಂಬ ಬೀಜ ಅಂಟಿಸಿಕೊಂಡಿತು. ಒಳಗೆ ಬಂದು ಸಾಲುಸಾಲಿಗೂ ಬಾಲ ಒದರಿತು. ಆಮೇಲೆ ಎಳೆಯ ಕಳೆಯನ್ನೆಲ್ಲ ಬಿಟ್ಟು, ಬಲಿತದ್ದನ್ನು ಮಾತ್ರ ಕೀಳತೊಡಗಿತು.

ನರಿಯ ಮೇಲೆ ಕೂಗಾಡುವಷ್ಟು ದೊಡ್ಡ ಹಲ್ಲು ಹೊನ್ನಕ್ಕನಿಗಿರಲಿಲ್ಲ. ಏನೂ ಕಾಣದವಳಂತೆ ಹೊರಬಂದಳು.

"ಕೆಂಚಣ್ಣ, ಇವತ್ತು ಮಡಿಗೆ ನೀರು ಬಿಡುತ್ತೇನೆ. ನೆಲ ಕೆಸರಾಗುತ್ತದೆ. ಹುಣ್ಣಿಮೆ ಕಳೆದು ಬಾ."

"ಬಿಡು, ಬಿಡು! ಚೆನ್ನಾಗಿ ನೀರು ಬಿಡು" ಎಂದು ನರಿ ಖುಷಿಯಿಂದ ಹೋಯಿತು.

ನೀರು ಕುಡಿದ ನೆಲದಲ್ಲಿ ಬಿದ್ದ ಬೀಜಗಳೆಲ್ಲ ಒಟ್ಟಿಗೆ ಮೊಳೆತವು. ಎರಡು ಎಲೆ ಬಿಡುತ್ತಲೇ ಹೊನ್ನಕ್ಕ ಸುಡುಬಿಸಿಲಿನಲ್ಲಿ ಅವನ್ನು ಬೇರುಸಹಿತ ಕೆರೆದು ಹಾಕಿದಳು. ಸಂಜೆಯೊಳಗೆ ಬಾಡಿದವು. ಅಳಿದುಳಿದ ಬಲಿತ ಕಳೆಯನ್ನೂ ಕಿತ್ತಳು. ಮರಿಗಳು ಉದುರಿದ ತರಗೆಲೆ ಗುಡಿಸಿ ತಂದವು. ಬಳ್ಳಿಯ ಬುಡ ಬಿಟ್ಟು ಮಡಿಯ ತುಂಬ ಎಲ್ಲರೂ ಸೇರಿ ದಪ್ಪಗೆ ಹೊದಿಸಿದರು. ಹೊದಿಕೆಯ ಕೆಳಗೆ ಬೆಳಕಿಲ್ಲ. ಬೆಳಕಿಲ್ಲದಲ್ಲಿ ಕಳೆ ತಲೆಯೆತ್ತಲಿಲ್ಲ.

ಹುಣ್ಣಿಮೆ ಕಳೆದು ನರಿ ಬಂತು. ಕಣ್ಣು ಕಿರಿದು ಮಾಡಿ ಸುತ್ತ ನೋಡಿತು.

"ಕಳೆ ಎಲ್ಲಿ?"

"ಕೀಳುವವನು ನೀನು. ನೀನೇ ಹುಡುಕು."

ನರಿ ಬಳ್ಳಿಯ ಮರೆಗೆ ಹೋಯಿತು. ಬಹಳ ಹೊತ್ತಿನ ಮೇಲೆ ದೊಡ್ಡದೊಂದು ಹೊರೆ ಹೊತ್ತು ತಂದಿತು.

"ಆ ಮೂಲೆಯಲ್ಲಿ ಸಿಕ್ಕಿತು. ಸೊಂಟ ಮುರಿದುಹೋಯಿತು, ಹೊನ್ನಕ್ಕ. ತಾ ಕೂಲಿ."

"ಹೊದಿಸಿದ ಎಲೆ ಒಂದೂ ಕದಲಿಲ್ಲವಲ್ಲ. ಹೇಗೆ ಕಿತ್ತೆ?"

"ನಾಜೂಕಾಗಿ" ಎಂದಿತು ನರಿ.

ಮರಿಗಳು ಕಿಸಕ್ಕನೆ ನಕ್ಕವು. ಹೊನ್ನಕ್ಕ ನಗಲಿಲ್ಲ. ಬೇಲಿಯ ಆಚೆ ಹೋಗಿ, ಹಸಿರು ಪಟ್ಟೆಯ ಗುಂಡನೆಯ ಕಾಯೊಂದನ್ನು ತಂದು ಅದರ ಮುಂದೆ ಉರುಳಿಸಿದಳು. ಹಸಿದಿದ್ದ ನರಿ ಗಬಕ್ಕನೆ ಕಚ್ಚಿತು. ಮರುಕ್ಷಣ ನಾಲಿಗೆ ಹೊರಚಾಚಿ ಉಗುಳಿತು, ಕೆಮ್ಮಿತು, ಮಣ್ಣಿಗೆ ಮೂತಿ ಉಜ್ಜಿತು.

"ಥೂ! ಕಹಿ! ಏನಿದು?"

"ಹಾಮೆಕ್ಕೆ ಕಾಯಿ, ಅಣ್ಣ. ಬೇಲಿಯ ಆಚೆ ಕಿತ್ತ ಕಳೆಗೆ ಬೇಲಿಯ ಆಚೆಯದೇ ಕೂಲಿ."

ನೀತಿ: ಕಳೆ ಹೆಚ್ಚಿದಷ್ಟೂ ಲಾಭವಾಗುವವನ ಕೈಗೆ ಕಳೆ ಕೀಳುವ ಕೆಲಸ ಕೊಡಬಾರದು.